ಸೈಕಲ್ ಹ್ಯಾಂಡಲ್ ಬದಲಾಯಿಸುವ ಕೆಲಸ: ಅಳತೆ, ಕೇಬಲ್, ಕೋನ

ಹ್ಯಾಂಡಲ್ ಬಿಚ್ಚಿ ಬೇರೆಯದನ್ನು ಕೂರಿಸುವುದು ನಾಲ್ಕು ಬೋಲ್ಟಿನ ಕೆಲಸ. ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ಮೊದಲಿನ ಅಳತೆ ತಪ್ಪಿದರೆ ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡಾದ ಸ್ಟೆಮ್ಮಿನೊಳಗೆ ಹೊಸ ಹ್ಯಾಂಡಲ್ ಕೂರುವುದೇ ಇಲ್ಲ. ಅದರ ನಂತರದ ಕೇಬಲ್ ಲೆಕ್ಕ ತಪ್ಪಿದರೆ ಸೈಕಲ್ ತಿರುಗಿಸಿದಾಗಲೆಲ್ಲ ಬ್ರೇಕ್ ತಾನಾಗಿ ಹಿಡಿಯುತ್ತದೆ. ಅರ್ಧ ದಿನ ಹಿಡಿಯುವುದು ಈ ಎರಡೇ. ಹ್ಯಾಂಡಲ್ ಬದಲಾಯಿಸುವುದೆಂದರೆ ಹೆಚ್ಚಿನಂಶ ಕೇಬಲ್ ಬದಲಾಯಿಸುವುದೇ ಎಂದುಕೊಂಡು ಕೂತರೆ ಕೆಲಸ ಸರಿಯಾಗಿ ಸಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಒಂದು ಹೈಬ್ರಿಡ್ ಸೈಕಲ್ ಮೇಲೆ ಮಾಡಿದ ಕೆಲಸ. ಅದರಲ್ಲಿದ್ದದ್ದು 620 ಮಿ.ಮೀ. ಅಗಲದ ನೇರ ಹ್ಯಾಂಡಲ್, ಬಾಗು 9 ಡಿಗ್ರಿ. ಬ್ರೇಕ್ ವಿ-ಬ್ರೇಕ್ (ಎರಡು ಉದ್ದ ತೋಳುಗಳು ರಿಮ್ಮನ್ನು ಎರಡೂ ಕಡೆಯಿಂದ ಒತ್ತುವಂಥದ್ದು), ಗೇರಿಗೆ ಹೆಬ್ಬೆರಳಿನಿಂದ ಒತ್ತುವ ಶಿಫ್ಟರ್, ಹಿಂದೆ ಎಂಟು ಹಲ್ಲುಚಕ್ರ. ಹಾಕಿದ್ದು 680 ಮಿ.ಮೀ. ಅಗಲದ, 45 ಡಿಗ್ರಿ ಹಿಂದಕ್ಕೆ ಬಾಗಿದ ಹ್ಯಾಂಡಲ್. ಕಾರಣ ಕಿರುಬೆರಳು ಮತ್ತು ಉಂಗುರ ಬೆರಳಿನ ಜೋಮು. ನೇರ ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಹೊರಕ್ಕೆ ತಿರುಚಿಕೊಂಡು ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತದೆ. ಆ ಎರಡು ಬೆರಳಿಗೆ ಹೋಗುವ ನರ ಹಾಯುವುದು ಸರಿಯಾಗಿ ಅಲ್ಲೇ. ಗ್ರಿಪ್ ಎಷ್ಟು ಮೆತ್ತಗಿದ್ದರೂ ಕೋನ ತಪ್ಪಿದ್ದರೆ ಜೋಮು ಹೋಗುವುದಿಲ್ಲ.

ಕೊಳ್ಳುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡು ವ್ಯಾಸ ಅಳೆಯಬೇಕು. ಮೊದಲನೆಯದು ಸ್ಟೆಮ್ ಕಚ್ಚುವ ನಡುಭಾಗದ್ದು. ಈಗಿನ ಬಹುಪಾಲು ಸೈಕಲ್‌ಗಳಲ್ಲಿ ಇದು 31.8 ಮಿ.ಮೀ. ಹಳೆಯವು ಮತ್ತು ಸಾದಾ ಸೈಕಲ್‌ಗಳಲ್ಲಿ 25.4. ಹಳೆಯ ರೇಸ್ ಸೈಕಲ್‌ಗಳಲ್ಲಿ 26.0. ಹೊಸ ಬೆಟ್ಟದ ಸೈಕಲ್ ಕೆಲವಲ್ಲಿ 35. ಜನ ಎಡವುವುದು 25.4 ಮತ್ತು 26.0ರ ನಡುವೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಅಂತರ 0.6 ಮಿ.ಮೀ. ಮಾತ್ರ. 26ರ ಸ್ಟೆಮ್ಮಿಗೆ 25.4ರ ಹ್ಯಾಂಡಲ್ ಹಾಕಿದರೆ ಸ್ಟೆಮ್ಮಿನ ಮುಂದಿನ ಮುಚ್ಚಳದ ಸಂದು ಪೂರ್ತಿ ಮುಚ್ಚಿಕೊಂಡರೂ ಹ್ಯಾಂಡಲ್ ಜಾರುತ್ತದೆ. ಗುಂಡಿಗೆ ಬಿದ್ದಾಗ ಅದು ಕೆಳಕ್ಕೆ ತಿರುಗುತ್ತದೆ, ಕೈ ಜೊತೆಗೇ ಹೋಗುತ್ತದೆ. ಉಲ್ಟಾ ಮಾಡಿ ಒತ್ತಾಯದಿಂದ ತೂರಿಸಿದರೆ ಸ್ಟೆಮ್ ಅಗಲಗೊಂಡು ಬಿರುಕು ಬಿಡುವ ಅಪಾಯ. ತಗಡಿನ ಡಬ್ಬಿಯಿಂದ ಕತ್ತರಿಸಿದ ಪಟ್ಟಿ ಸುತ್ತಿ ಈ ಅಂತರ ತುಂಬುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 31.8ರ ಸ್ಟೆಮ್ಮಿಗೆ 25.4ರ ಹ್ಯಾಂಡಲ್ ಹಾಕಲು ಎರಡು ಹೋಳಿನ ಅಲ್ಯೂಮಿನಿಯಂ ಶಿಮ್ (ನಡುವಿನ ಅಂತರ ತುಂಬುವ ಬಳೆ) ಸಿಗುತ್ತದೆ. ಅದಕ್ಕೆಂದೇ ಮಾಡಿದ್ದಾದ್ದರಿಂದ ನಂಬಬಹುದು.

ಎರಡನೆಯದು ಕೈ ಹಿಡಿಯುವ ಭಾಗದ ವ್ಯಾಸ. ನೇರ ಮತ್ತು ಹಿಂಬಾಗಿನ ಹ್ಯಾಂಡಲ್‌ಗಳಲ್ಲಿ ಇದು 22.2 ಮಿ.ಮೀ. ಕೊಂಬಿನಂತೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್‌ಗಳಲ್ಲಿ 23.8. ಒಂದರ ಲಿವರ್ ಇನ್ನೊಂದಕ್ಕೆ ಹೋಗದಿರುವುದು ಇದಕ್ಕೇ.

ಹಿಂಬಾಗಿನ ಹ್ಯಾಂಡಲ್ ಕೊಳ್ಳುವಾಗ ಇನ್ನೊಂದು ಅಳತೆ ಬೇಕು, ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ತುದಿಯಿಂದ ಬಾಗು ಶುರುವಾಗುವವರೆಗೆ ಎಷ್ಟು ಉದ್ದ ನೇರವಾಗಿದೆ? ಸಾಮಾನ್ಯ ಗ್ರಿಪ್ ಸುಮಾರು 130 ಮಿ.ಮೀ. ಅದರ ಪಕ್ಕ ಬ್ರೇಕ್ ಲಿವರಿನ ಪಟ್ಟಿ, ಅದರ ಪಕ್ಕ ಶಿಫ್ಟರ್ ಪಟ್ಟಿ. ಎಲ್ಲ ಸೇರಿ 180ರಿಂದ 200 ಮಿ.ಮೀ. ನೇರ ಭಾಗ ಬೇಕಾಗುತ್ತದೆ. ಕಡಿಮೆ ಇದ್ದರೆ ಪಟ್ಟಿ ಬಾಗಿನ ಮೇಲೆ ಬಂದು ಒಂದು ಅಂಚಿನಲ್ಲಿ ಮಾತ್ರ ಕಚ್ಚುತ್ತದೆ. ಗ್ರಿಪ್ ಕತ್ತರಿಸಿ ಚಿಕ್ಕದು ಮಾಡುವುದೊಂದೇ ಆಗ ಉಳಿಯುವ ದಾರಿ. ಲಿವರಿನ ಪಟ್ಟಿ ಪೂರ್ತಿ ಬಿಚ್ಚಿಕೊಳ್ಳದ ಒಂಟಿ ಉಂಗುರವಾಗಿದ್ದರೆ ಅದನ್ನು ತುದಿಯಿಂದಲೇ ತೂರಿಸಬೇಕು, ಕಡಿದಾದ ಬಾಗು ದಾಟಿಸಲು ಆಗುವುದಿಲ್ಲ.

ಈಗ ಕೂರುವ ಭಂಗಿಯ ಲೆಕ್ಕ. ಹಳೆಯದನ್ನು ಬಿಚ್ಚುವ ಮೊದಲು ಸೀಟಿನ ಮೂತಿಯಿಂದ ಗ್ರಿಪ್ಪಿನ ನಡುಭಾಗಕ್ಕೆ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ನೆಲದಿಂದ ಗ್ರಿಪ್ಪಿನ ಎತ್ತರವನ್ನೂ ಬರೆಯಿರಿ. ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಇವಿಲ್ಲದೆ ಆಮೇಲೆ "ಯಾಕೋ ಸರಿಯಿಲ್ಲ" ಅನ್ನಿಸಿದಾಗ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಈ ಹ್ಯಾಂಡಲ್‌ನಲ್ಲಿ ಗ್ರಿಪ್ಪಿನ ನಡು ಹಳೆಯದಕ್ಕಿಂತ ಸುಮಾರು 90 ಮಿ.ಮೀ. ಹಿಂದೆ ಬರುತ್ತದೆ. ಪೂರ್ತಿ ಹಾಗೇ ಬಿಟ್ಟರೆ ತಿರುವಿನಲ್ಲಿ ಮಂಡಿಗೆ ತಾಗುತ್ತದೆ, ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಅತ್ತಿತ್ತ ಹೋಗುತ್ತದೆ. ಅದಕ್ಕೇ 80 ಮಿ.ಮೀ. ಸ್ಟೆಮ್ ತೆಗೆದು 110ರದ್ದು ಹಾಕಿದ್ದು. ಉಳಿದ 60 ಮಿ.ಮೀ. ಬೇಕೆಂದೇ ಬಿಟ್ಟದ್ದು, ಬೆನ್ನು ಸ್ವಲ್ಪ ನೆಟ್ಟಗಾಗಬೇಕಿತ್ತು.

ಬಿಚ್ಚುವ ಕ್ರಮ ಹೀಗೆ. ಲಾಕ್ ಇರುವ ಗ್ರಿಪ್ ಆದರೆ ಅಲೆನ್ ಕೀ ಹಾಕಿ ಸಡಿಲಿಸಿ ಎಳೆದರೆ ಬಂತು. ಬರೀ ರಬ್ಬರಿನದಾದರೆ ತೆಳ್ಳನೆಯ ಕಡ್ಡಿಯೊಂದನ್ನು ಅಂಚಿನಡಿ ತೂರಿಸಿ ಸ್ಪಿರಿಟ್ ಅಥವಾ ಸೋಪಿನ ನೀರು ಬಿಟ್ಟು ತಿರುಚಬೇಕು. ಎಣ್ಣೆ ಹಾಕಬಾರದು, ಅದು ಒಣಗುವುದಿಲ್ಲ, ಅದೇ ಗ್ರಿಪ್ ಮತ್ತೆ ಹಾಕಿದಾಗ ಕೈಯಲ್ಲೇ ತಿರುಗುತ್ತದೆ. ವಿ-ಬ್ರೇಕಿನ ಬಾಗಿದ ಲೋಹದ ಕೊಳವೆಯನ್ನು ಅದರ ಕೊಕ್ಕೆಯಿಂದ ಬಿಡಿಸಿದರೆ ಕೇಬಲ್ ಸಡಿಲವಾಗುತ್ತದೆ. ಆಮೇಲೆ ಲಿವರಿನ ಬಳಿ ಇರುವ ಹೊಂದಿಸುವ ತಿರುಪು ಮತ್ತು ಅದರ ನಟ್ಟಿನ ಸೀಳುಗಳನ್ನು ಒಂದೇ ಗೆರೆಗೆ ತಂದರೆ ಕೇಬಲ್ ತಲೆ ಹೊರಗೆ ಬರುತ್ತದೆ. ಯಾವ ಕೈಯ ಲಿವರ್ ಯಾವ ಬ್ರೇಕಿನದು ಎಂದು ಬಣ್ಣದ ಟೇಪು ಅಂಟಿಸಿ ಗುರುತಿಟ್ಟುಕೊಳ್ಳಿ. ಮುಂದಿನ ಬ್ರೇಕ್ ಕೆಲವು ದೇಶಗಳಲ್ಲಿ ಬಲಗೈಗೆ, ಕೆಲವು ದೇಶಗಳಲ್ಲಿ ಎಡಗೈಗೆ ಇರುತ್ತದೆ. ಕೈಗೆ ರೂಢಿಯಾದದ್ದು ಗೊತ್ತಿಲ್ಲದೆ ಅದಲುಬದಲಾದರೆ ಗಾಬರಿಯಲ್ಲಿ ಹಿಡಿಯುವ ಬ್ರೇಕೇ ತಪ್ಪಾಗುತ್ತದೆ.

ಸ್ಟೆಮ್ ಎರಡು ಬಗೆ. ಈಗಿನದು ಫೋರ್ಕಿನ ಕೊಳವೆಯನ್ನು ಹೊರಗಿನಿಂದ ಕಚ್ಚುತ್ತದೆ; ಆ ಕೊಳವೆ ಸಾಮಾನ್ಯವಾಗಿ 28.6 ಮಿ.ಮೀ. ಹಳೆಯದು ಕೊಳವೆಯ ಒಳಗಿಳಿಯುವ ಕ್ವಿಲ್ ಸ್ಟೆಮ್, ಅದು ಹೆಚ್ಚಾಗಿ 22.2 ಮಿ.ಮೀ. ಕ್ವಿಲ್ ತೆಗೆಯುವಾಗ ಮೇಲಿನ ಬೋಲ್ಟನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಬೇಕು. ಒಳಗೆ ಕಚ್ಚಿಕೊಂಡ ಬೆಣೆ ಆಗ ಕೆಳಕ್ಕೆ ಬೀಳುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಿ ಹೊಡೆದರೆ ಪ್ರಯೋಜನವಿಲ್ಲ, ಬೆಣೆ ಒಳಗೇ ಉಳಿಯುತ್ತದೆ. ಮತ್ತೆ ಹಾಕುವಾಗ ಕಾಂಡಕ್ಕೆಲ್ಲ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿದು ಮುಂದೆ ಎಂದೂ ಬರುವುದಿಲ್ಲ. ಕಾಂಡದ ಮೇಲೆ ಕೆತ್ತಿದ ಕನಿಷ್ಠ ಆಳದ ಗೆರೆ ಹೊರಗೆ ಕಾಣಬಾರದು. ಆ ಗೆರೆ ಕಾಂಡದ ಬುಡದಿಂದ ಕಡೇಪಕ್ಷ ವ್ಯಾಸದ ಎರಡೂವರೆ ಪಟ್ಟು ಮೇಲಿರುತ್ತದೆ, 22.2ಕ್ಕೆ ಸುಮಾರು 55 ಮಿ.ಮೀ. ಎತ್ತರ ಸಾಲದೆಂದು ಗೆರೆ ದಾಟಿಸಿ ಎತ್ತಿದರೆ ಕೊಳವೆ ಸೀಳಬಹುದು, ಸ್ಟೆಮ್ಮೇ ಮುರಿಯಬಹುದು.

ರಾಡ್ ಬ್ರೇಕಿನ ಹಳೆಯ ಗಟ್ಟಿ ಸೈಕಲ್ ಇದ್ದವರಿಗೆ ಒಂದು ಮಾತು. ಅವುಗಳಲ್ಲಿ ಹ್ಯಾಂಡಲ್ಲೂ ಸ್ಟೆಮ್ಮೂ ಬೆಸೆದ ಒಂದೇ ತುಂಡು, ಬ್ರೇಕಿನ ಸರಳುಗಳು ಅದಕ್ಕೇ ಸೇರಿರುತ್ತವೆ. ಹ್ಯಾಂಡಲ್ ತೆಗೆದರೆ ಬ್ರೇಕೂ ಹೋಯಿತು. ಕೇಬಲ್ಲಿನ ಕ್ಯಾಲಿಪರ್ ಬ್ರೇಕ್ ಹಾಕೋಣವೆಂದರೆ ಆ ರಿಮ್ಮಿಗೆ ಚಪ್ಪಟೆ ಪಕ್ಕವೇ ಇಲ್ಲ. ರಾಡ್ ಬ್ರೇಕಿನ ರಬ್ಬರ್ ಕಟ್ಟೆ ಒತ್ತುವುದು ರಿಮ್ಮಿನ ಒಳಮೈಗೆ. ಚಕ್ರ ಬದಲಿಸಲು ತಯಾರಿಲ್ಲದಿದ್ದರೆ ಆ ಸೈಕಲ್‌ನ ಹ್ಯಾಂಡಲ್ ಮುಟ್ಟದಿರುವುದೇ ಒಳ್ಳೆಯದು.

ಈ ಹೈಬ್ರಿಡ್‌ನಲ್ಲಿ ಇದ್ದದ್ದು ಹೊರಗಿನಿಂದ ಕಚ್ಚುವ ಸ್ಟೆಮ್. ಅದನ್ನು ಬದಲಿಸಲು ಮೇಲಿನ ಟೋಪಿಯ ಬೋಲ್ಟ್ ತೆಗೆದು, ಪಕ್ಕದ ಎರಡು ಬೋಲ್ಟ್ ಸಡಿಲಿಸಿ ಮೇಲಕ್ಕೆ ಎಳೆಯಬೇಕು. ಸೈಕಲ್ ಎತ್ತಿ ಹಿಡಿದಿದ್ದರೆ ಫೋರ್ಕ್ ಆ ಕ್ಷಣಕ್ಕೇ ಕೆಳಗೆ ಜಾರುತ್ತದೆ. ಚಕ್ರ ನೆಲದ ಮೇಲೇ ಇರಲಿ. ಹೊಸ ಸ್ಟೆಮ್ ಹಾಕಿದ ಮೇಲೆ ಫೋರ್ಕಿನ ಕೊಳವೆಯ ತುದಿ ಸ್ಟೆಮ್ಮಿನ ಮೇಲಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು. ಸಮಸಮವಾಗಿದ್ದರೆ ಟೋಪಿ ಕೊಳವೆಗೇ ತಾಗಿ ನಿಂತುಬಿಡುತ್ತದೆ, ಬೇರಿಂಗಿನ ಮೇಲೆ ಒತ್ತಡ ಬೀಳುವುದಿಲ್ಲ. ಎಷ್ಟು ತಿರುಗಿಸಿದರೂ ಲೂಸ್ ಹೋಗುತ್ತಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಒಂದು ತೆಳ್ಳನೆಯ ಸ್ಪೇಸರ್ ಉಂಗುರ ಸೇರಿಸಿದರೆ ಸರಿಹೋಗುತ್ತದೆ.

ಬಿಗಿಸುವ ಕ್ರಮದಲ್ಲಿ ತಪ್ಪಬಾರದು. ಪಕ್ಕದ ಬೋಲ್ಟ್‌ಗಳು ಸಡಿಲವಿರುವಾಗಲೇ ಮೊದಲು ಮೇಲಿನ ಟೋಪಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಿಸಿದಾಗ ಹೆಡ್‌ಸೆಟ್ಟಿನ (ಫೋರ್ಕ್ ತಿರುಗುವ ಬೇರಿಂಗ್) ಬಳಿ ಇಟ್ಟ ಬೆರಳಿಗೆ ಕಟಕಟ ತಿಳಿಯದಿರುವಷ್ಟು, ಆದರೆ ಹ್ಯಾಂಡಲ್ ತಡೆಯಿಲ್ಲದೆ ತಿರುಗುವಷ್ಟು. ಆಮೇಲೆ ಸ್ಟೆಮ್ಮನ್ನು ಚಕ್ರದ ಗೆರೆಗೆ ತಂದು ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿಸುವುದು. ಟೋಪಿಯ ಬೋಲ್ಟ್ ಫೋರ್ಕನ್ನು ಹಿಡಿದಿಡುವುದಲ್ಲ, ಬೇರಿಂಗನ್ನು ಹೊಂದಿಸಲು ಮಾತ್ರ. ಹಿಡಿದಿಡುವುದು ಪಕ್ಕದವೇ. ಅವು ಬಿಗಿಯಾದ ಮೇಲೆ ಟೋಪಿಯನ್ನು ಎಷ್ಟು ತಿರುಗಿಸಿದರೂ ಪರಿಣಾಮ ಶೂನ್ಯ, ಫೋರ್ಕಿನ ಕೊಳವೆಯೊಳಗಿನ ನಕ್ಷತ್ರಾಕಾರದ ನಟ್ಟಿಗೆ ಹಾನಿ ಮಾತ್ರ.

ಹ್ಯಾಂಡಲ್ ಕೂರಿಸುವ ಮೊದಲು ಸ್ಟೆಮ್ಮಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಚೂಪಾದ ಏಣಿದ್ದರೆ ಸಣ್ಣ ಮರಳು ಕಾಗದದಿಂದ ತೀಡಿ. ಆ ಏಣು ಹ್ಯಾಂಡಲ್ ಮೇಲೆ ಮಾಡುವ ಗೀರಿನಿಂದಲೇ ಮುಂದೆ ಬಿರುಕು ಶುರುವಾಗಬಹುದು. ಅಲ್ಯೂಮಿನಿಯಂ ಆದರೆ ಎರಡೂ ಮೈ ಒರೆಸಿ ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಸಾಕು. ಕಾರ್ಬನ್ ಆದರೆ ಗ್ರೀಸ್ ತಾಗಿಸಲೇಬಾರದು. ಅದಕ್ಕೆ ಸಣ್ಣ ಕಣಗಳಿರುವ ಕಾರ್ಬನ್ ಪೇಸ್ಟ್ ಬರುತ್ತದೆ. ಅದರಿಂದ ಕಡಿಮೆ ಬಿಗಿತದಲ್ಲೇ ಹಿಡಿತ ಸಿಗುತ್ತದೆ.

ಹ್ಯಾಂಡಲ್ ನಡುವಿನ ಗುರುತುಗಳನ್ನು ಸ್ಟೆಮ್ಮಿನ ಎರಡೂ ಅಂಚಿನಿಂದ ಸಮ ದೂರಕ್ಕೆ ತಂದು ಮುಚ್ಚಳದ ನಾಲ್ಕು ಬೋಲ್ಟ್ ಕೈಯಲ್ಲೇ ತಿರುಗಿಸಿ. ಆಮೇಲೆ ಕೀಲಿ ಹಾಕಿ ಮೂಲೆಯಿಂದ ಮೂಲೆಗೆ, ಒಂದೊಂದಕ್ಕೆ ಕಾಲು ಸುತ್ತು. ಮುಚ್ಚಳದ ಮೇಲಿನ ಸಂದು ಮತ್ತು ಕೆಳಗಿನ ಸಂದು ಸಮನಾಗಿರಬೇಕು. ಮೇಲಿನದನ್ನು ಪೂರ್ತಿ ಮುಚ್ಚಿ ಕೆಳಗೆ ಮಾತ್ರ ಸಂದು ಬಿಡಿ ಎಂದು ಬರೆದಿರುವ ಸ್ಟೆಮ್ಮುಗಳೂ ಇವೆ, ಅಂಥವಕ್ಕೆ ಅದೇ ನಿಯಮ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಮುಚ್ಚಳ ಓರೆಯಾಗಿ ಒಂದು ಬೋಲ್ಟಿನ ಮೇಲೆ ಎಲ್ಲ ಭಾರ ಬೀಳುತ್ತದೆ. ಬಿಗಿತ ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್. ಸ್ಟೆಮ್ ಮೇಲೆ ಅಂಕಿ ಬರೆದಿದ್ದರೆ ಅದೇ ಅಂತಿಮ. ಇಲ್ಲಿ ಟಾರ್ಕ್ ವ್ರೆಂಚ್ ಬೇಕೇ ಬೇಕು ಎನ್ನುತ್ತೇನೆ. 4 ಮಿ.ಮೀ. ಅಲೆನ್ ಕೀಯ ಉದ್ದ ತೋಳನ್ನು ಹಿಡಿದು ಒತ್ತಿದರೆ ಎಷ್ಟು ಬಿದ್ದಿತೆಂದು ಕೈಗೆ ತಿಳಿಯುವುದಿಲ್ಲ. ಬೋಲ್ಟ್ ಕಡಿಯುವುದು ಬಿಗಿಯುವಾಗಲೇ ಆದರೆ ಪುಣ್ಯ, ಓಡಿಸುವಾಗ ಆದರೆ ಹ್ಯಾಂಡಲ್ ಕೈಗೆ ಬರುತ್ತದೆ.

ಈ ಹಂತದಲ್ಲಿ ಪೂರ್ತಿ ಬಿಗಿಯುವುದು ಬೇಡ. ಜಾರದಷ್ಟು ಮಾತ್ರ ಬಿಗಿದು, ಲಿವರ್, ಶಿಫ್ಟರ್ ತೂರಿಸಿ, ಗ್ರಿಪ್ ಹಾಕದೆ ಕೇಬಲ್‌ಗೆ ಬನ್ನಿ.

ಹಳೆಯ ಕೇಬಲ್ ಸಾಲುತ್ತದೆಯೇ ಎಂಬುದಕ್ಕೆ ಒಂದೇ ಪರೀಕ್ಷೆ. ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ. ಯಾವ ಔಟರೂ (ಕೇಬಲ್ಲಿನ ಹೊರಕವಚ) ಸೆಟೆದು ನಿಲ್ಲಬಾರದು, ಅದು ಕೂರುವ ಫ್ರೇಮಿನ ಕಿವಿಯಿಂದ ಹೊರಬರಬಾರದು. ಅಗಲ 60 ಮಿ.ಮೀ. ಹೆಚ್ಚಿದರೆ ಪ್ರತಿ ಕಡೆಗೆ 30 ಹೆಚ್ಚಿಸಿದರೆ ಸಾಕು ಎಂದು ತೋರಬಹುದು. ಹಿಂಬಾಗಿನ ಹ್ಯಾಂಡಲ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಲಿವರ್ ಹಿಂದಕ್ಕೆ ತಿರುಗಿ ನಿಂತಾಗ ಕೇಬಲ್ ಹೊರಡುವ ಬಾಯಿ ಮುಂದಕ್ಕೆ ತಿರುಗುತ್ತದೆ. ಔಟರ್ ಮುಂದೆ ಹೋಗಿ ದೊಡ್ಡದಾಗಿ ಬಳಸಿ ಹಿಂದಕ್ಕೆ ಬರಬೇಕು. ಉದ್ದ ಸಾಲದೆ ಆ ಬಳಸು ಕಡಿದಾದರೆ ಇನ್ನರ್ (ಒಳಗಿನ ತಂತಿ) ಔಟರಿನೊಳಗೆ ಉಜ್ಜುತ್ತದೆ. ಬ್ರೇಕ್ ಹಿಡಿಯಲು ಬಲ ಹೆಚ್ಚು ಬೇಕಾಗುತ್ತದೆ, ಬಿಟ್ಟಾಗ ತಡವಾಗಿ ಬಿಡುತ್ತದೆ. ಇಲ್ಲಿ ನಾಲ್ಕು ಔಟರ್‌ಗಳಲ್ಲಿ ನಾಲ್ಕನ್ನೂ ಬದಲಿಸಬೇಕಾಯಿತು.

ಹೊಸ ಔಟರ್ ಅಳೆಯಲು ಸುಲಭ ಉಪಾಯವಿದೆ. ಕತ್ತರಿಸದ ಔಟರಿನ ಒಂದು ತುದಿಯನ್ನು ಲಿವರಿಗೆ ಹಾಕಿ, ಬೇಕಾದ ದಾರಿಯಲ್ಲಿ ಬಳಸಿ ಫ್ರೇಮಿನ ಕಿವಿಯವರೆಗೆ ತಂದು ಟೇಪಿನಿಂದ ಹಿಡಿಸಿ. ಆಮೇಲೆ ಹ್ಯಾಂಡಲನ್ನು ಆ ಔಟರ್ ಹೆಚ್ಚು ಎಳೆಯುವ ಕಡೆಗೆ ಪೂರ್ತಿ ತಿರುಗಿಸಿ ಗುರುತು ಹಾಕಿ. ಮೊದಲು ಗುರುತಿಗಿಂತ ಒಂದು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ. ಉದ್ದವಾದರೆ ಇನ್ನೊಮ್ಮೆ ಕತ್ತರಿಸಬಹುದು.

ಬ್ರೇಕಿನ ಔಟರ್ ಬೇರೆ, ಗೇರಿನ ಔಟರ್ ಬೇರೆ. ಬ್ರೇಕಿನದು 5 ಮಿ.ಮೀ. ದಪ್ಪ, ಒಳಗೆ ಸುರುಳಿ ಸುತ್ತಿದ ಚಪ್ಪಟೆ ತಂತಿ. ಗೇರಿನದು ಸಾಮಾನ್ಯವಾಗಿ 4 ಮಿ.ಮೀ., ಒಳಗೆ ಉದ್ದಕ್ಕೆ ಹಾಸಿದ ಎಳೆಗಳು. ಗೇರಿನ ಔಟರನ್ನು ಬ್ರೇಕಿಗೆ ಎಂದೂ ಹಾಕಬಾರದು. ಜೋರಾಗಿ ಬ್ರೇಕ್ ಹಿಡಿದಾಗ ಬೀಳುವ ಒತ್ತಡಕ್ಕೆ ಆ ಎಳೆಗಳು ಹೊರಗಿನ ಪ್ಲಾಸ್ಟಿಕ್ ಒಡೆದುಕೊಂಡು ಹೊರಬರುತ್ತವೆ. ಅಂದರೆ ಬ್ರೇಕ್ ಅತ್ಯಂತ ಬೇಕಾದ ಕ್ಷಣದಲ್ಲೇ ಬ್ರೇಕ್ ಇರುವುದಿಲ್ಲ. ಬ್ರೇಕಿನ ಔಟರನ್ನು ಗೇರಿಗೆ ಹಾಕಿದರೆ ಅಪಾಯವಿಲ್ಲ, ಆದರೆ ಸುರುಳಿ ಕುಗ್ಗಿ ಹಿಗ್ಗಿ ಹ್ಯಾಂಡಲ್ ತಿರುಗಿಸಿದಾಗ ಗೇರ್ ತಾನಾಗಿ ಕದಲುತ್ತದೆ.

ಕತ್ತರಿಸಲು ಕೇಬಲ್ ಕಟ್ಟರೇ ಬೇಕು. ಸಾದಾ ಇಕ್ಕಳದಲ್ಲಿ ತುದಿ ಜಜ್ಜಿ ಒಳಗಿನ ಬಿಳಿ ಕೊಳವೆ ಮುಚ್ಚಿಹೋಗುತ್ತದೆ. ಕಟ್ಟರಿನಲ್ಲೂ ಸ್ವಲ್ಪ ಮುಚ್ಚುತ್ತದೆ, ಆದ್ದರಿಂದ ಪ್ರತಿ ತುದಿಯನ್ನೂ ಚೂಪಾದ ದಬ್ಬಳದಿಂದ ತೆರೆದು, ತುದಿಯನ್ನು ಅರದಿಂದ ಸಮತಟ್ಟು ಮಾಡಬೇಕು. ಈ ಎರಡು ನಿಮಿಷ ಉಳಿಸಲು ಹೋಗಿ ಆಮೇಲೆ ಗೇರ್ ಹೊಂದಿಸುತ್ತ ಗಂಟೆ ಕಳೆಯುವವರೇ ಹೆಚ್ಚು. ಚಿಕ್ಕ ಹಲ್ಲುಚಕ್ರಕ್ಕೆ ಚೈನು ತಡವಾಗಿ ಇಳಿಯುತ್ತಿದ್ದರೆ ಗೇರ್ ತಿರುಪು ಮುಟ್ಟುವ ಮೊದಲು ಔಟರಿನ ತುದಿ ನೋಡಿ. ಎರಡೂ ಕಡೆಗೆ ಲೋಹದ ಟೋಪಿ ಹಾಕಿ ಕಿವಿಯಲ್ಲಿ ಕೂರಿಸಿ.

ಇನ್ನರ್‌ನಲ್ಲೂ ನೋಡಿ ಕೊಳ್ಳಬೇಕು. ಬ್ರೇಕಿನದು 1.5 ಅಥವಾ 1.6 ಮಿ.ಮೀ., ಗೇರಿನದು 1.1 ಅಥವಾ 1.2. ನೇರ ಹ್ಯಾಂಡಲ್ ಲಿವರಿಗೆ ಉರುಳೆ ಆಕಾರದ ತಲೆ, ಡ್ರಾಪ್ ಲಿವರಿಗೆ ಪೇರಳೆ ಆಕಾರದ ತಲೆ. ಒಂದು ಇನ್ನೊಂದರ ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ಕೂತಂತೆ ಕಂಡು ಜಾರುತ್ತದೆ.

ಬ್ರೇಕ್ ಕೇಬಲ್ ಕಟ್ಟುವಾಗ ಲಿವರಿನ ಹೊಂದಿಸುವ ತಿರುಪನ್ನು ಪೂರ್ತಿ ಒಳಗೆ ಹಾಕಿ ಎರಡು ಸುತ್ತು ಹೊರಗೆ ತೆಗೆಯಿರಿ, ಬ್ರೇಕ್ ಕಟ್ಟೆ ರಿಮ್ಮಿನಿಂದ ಪ್ರತಿ ಕಡೆ 1ರಿಂದ 2 ಮಿ.ಮೀ. ದೂರ ಇರಲಿ. ನಟ್ಟು ಬಿಗಿದ ಮೇಲೆ ಲಿವರನ್ನು ಪೂರ್ತಿ ಬಲದಿಂದ ಹತ್ತು ಹನ್ನೆರಡು ಸಲ ಒತ್ತಿ. ಕೇಬಲ್ ಸಡಿಲಾಗುತ್ತದೆ. ತಂತಿ ಹಿಗ್ಗಿತು ಎಂದು ಎಲ್ಲರೂ ಹೇಳುತ್ತಾರೆ. ನಿಜದಲ್ಲಿ ಹೆಚ್ಚಾಗಿ ಆಗುವುದೆಂದರೆ ಔಟರ್ ಮತ್ತು ಟೋಪಿಗಳು ತಮ್ಮ ಗೂಡಿನಲ್ಲಿ ಸರಿಯಾಗಿ ಕೂರುವುದು. ಈಗಲೇ ಕೂರಿಸಿ ಮತ್ತೆ ಎಳೆದು ಬಿಗಿದರೆ ರಸ್ತೆಯಲ್ಲಿ ಸಡಿಲಾಗುವುದಿಲ್ಲ. ಬಾಲ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತುದಿಗೆ ಟೋಪಿ ಒತ್ತಿ.

ಗೇರಿಗೆ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು, ಶಿಫ್ಟರನ್ನೂ ಅದೇ ಸಂಖ್ಯೆಗೆ ಇಳಿಸಿ, ತಿರುಪು ಪೂರ್ತಿ ಒಳಗೆ ಹಾಕಿ ಒಂದು ಸುತ್ತು ಹೊರಗೆ. ಕೇಬಲನ್ನು ಕೈಯಿಂದ ಎಳೆದು ಬಿಗಿ. ಪೆಡಲ್ ತಿರುಗಿಸುತ್ತ ಒಂದೊಂದೇ ಗೇರ್ ಹತ್ತಿಸಿ. ದೊಡ್ಡದಕ್ಕೆ ಹತ್ತಲು ತಡಮಾಡಿದರೆ ಹೊಂದಿಸುವ ತಿರುಪನ್ನು ಕಾಲು ಸುತ್ತು ಹೊರಗೆ, ಇಳಿಯಲು ತಡಮಾಡಿದರೆ ಕಾಲು ಸುತ್ತು ಒಳಗೆ. ಹ್ಯಾಂಡಲ್ ಬದಲಿಸಿದ್ದಕ್ಕೆ ಗೇರಿನ ಮಿತಿ ತಿರುಪುಗಳನ್ನು (ಚೈನು ಕೊನೆಯ ಹಲ್ಲುಚಕ್ರ ದಾಟದಂತೆ ತಡೆಯುವವು) ಮುಟ್ಟುವ ಅಗತ್ಯ ಬರುವುದಿಲ್ಲ.

ಎಣ್ಣೆಯ ಬ್ರೇಕ್ ಇದ್ದರೆ ವಿಷಯವೇ ಬೇರೆ. ಕೊಳವೆ ಸಾಲದಿದ್ದರೆ ಜೋಡಿಸಿ ಉದ್ದ ಮಾಡುವ ಹಾಗಿಲ್ಲ, ಹೊಸದೇ ಹಾಕಿ ಗಾಳಿ ತೆಗೆಯಬೇಕು. ಶಿಮಾನೊ ಬ್ರೇಕಿಗೆ ಮಿನರಲ್ ಎಣ್ಣೆ, ಬೇರೆ ಕೆಲವಕ್ಕೆ ಡಾಟ್ (DOT) ಎಂಬ ಬ್ರೇಕ್ ದ್ರವ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗಿ ಬ್ರೇಕ್ ಕೈಕೊಡುತ್ತದೆ. ಹಾಗಾಗಿ ಎಣ್ಣೆಯ ಬ್ರೇಕ್ ಇರುವವರು ಈಗಿನ ಕೊಳವೆ ಮುಟ್ಟುವ ಹ್ಯಾಂಡಲನ್ನೇ ಆರಿಸುವುದು ಜಾಣತನ. ಕೇಬಲ್‌ಗಳು ಹೆಡ್‌ಸೆಟ್ಟಿನ ಒಳಗಿಂದಲೇ ಹಾಯುವ ಹೊಸ ಫ್ರೇಮುಗಳಲ್ಲಿ ಔಟರ್ ಬದಲಿಸಲು ಬೇರಿಂಗನ್ನೇ ಬಿಚ್ಚಬೇಕಾಗುತ್ತದೆ. ಅದು ಬೇರೆಯೇ ಕೆಲಸ.

ಇನ್ನು ಕೋನ. ಸೈಕಲ್ ಮೇಲೆ ಕೂತು, ಕಣ್ಣು ಮುಚ್ಚಿ, ಕೈಗಳನ್ನು ಸಹಜವಾಗಿ ಗ್ರಿಪ್ಪಿನ ಮೇಲಿಡಿ. ಮುಂಗೈ, ಮಣಿಕಟ್ಟು, ಅಂಗೈಯ ಬೆನ್ನು ಒಂದೇ ಗೆರೆಯಲ್ಲಿರಬೇಕು. 45 ಡಿಗ್ರಿ ಹ್ಯಾಂಡಲ್‌ಗೆ ತುದಿಗಳು ನೆಲಕ್ಕೆ ಸಮಾಂತರಕ್ಕಿಂತ ಸ್ವಲ್ಪ ಕೆಳಗೆ, ಐದರಿಂದ ಹತ್ತು ಡಿಗ್ರಿ ಇಳಿಜಾರು ಇಟ್ಟು ಶುರುಮಾಡುತ್ತೇನೆ. ಇಳಿಜಾರು ಹೆಚ್ಚಾದರೆ ಕೈ ಹಿಂದಕ್ಕೆ ಜಾರುತ್ತ ಗ್ರಿಪ್ಪನ್ನು ಬಿಗಿಹಿಡಿಯಬೇಕಾಗುತ್ತದೆ. ತುದಿಗಳು ಮೇಲೆದ್ದರೆ ಅಂಗೈಯ ಬುಡಕ್ಕೆ ಒತ್ತು ಬಿದ್ದು ಜೋಮು ಮತ್ತೆ ಬರುತ್ತದೆ. ನೇರ ಹ್ಯಾಂಡಲ್‌ನಲ್ಲಿ ಐದು ಡಿಗ್ರಿ ತಿರುಗಿಸಿದರೆ ಅಷ್ಟೇನೂ ತಿಳಿಯದು. ಹಿಂಬಾಗಿನದರಲ್ಲಿ ಎರಡು ಡಿಗ್ರಿಯೂ ಕೈಗೆ ತಿಳಿಯುತ್ತದೆ. ಅದಕ್ಕೇ ಸ್ಟೆಮ್ಮಿಗೂ ಹ್ಯಾಂಡಲ್‌ಗೂ ಸೇರಿಸಿ ಟೇಪು ಅಂಟಿಸಿ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡುವುದು. ಎಷ್ಟು ತಿರುಗಿಸಿದೆ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಬ್ರೇಕ್ ಲಿವರಿನ ಕೋನ ಹ್ಯಾಂಡಲ್ ಕೋನದಿಂದ ಪ್ರತ್ಯೇಕ. ಬೆರಳು ಚಾಚಿದಾಗ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯದೆ ಲಿವರ್ ಸಿಗಬೇಕು. ಮುಂದಕ್ಕೆ ಬಾಗಿ ಕೂರುವವರಿಗೆ ಅದು ಅಡ್ಡಗೆರೆಯಿಂದ 30ರಿಂದ 45 ಡಿಗ್ರಿ ಕೆಳಗೆ, ನೆಟ್ಟಗೆ ಕೂರುವವರಿಗೆ ಅದಕ್ಕಿಂತ ಕಡಿಮೆ. ಲಿವರನ್ನು ಗ್ರಿಪ್ಪಿಗೆ ಅಂಟಿಸಿ ಹಾಕುವುದು ಬೇಡ. ಸ್ವಲ್ಪ ಒಳಗೆ ಸರಿಸಿ, ತೋರುಬೆರಳು ಲಿವರಿನ ತುದಿಯ ಕೊಕ್ಕೆಯ ಬಳಿ ಬೀಳುವಂತಿದ್ದರೆ ಅದೇ ಬಲಕ್ಕೆ ಹೆಚ್ಚು ಹಿಡಿತ ಸಿಗುತ್ತದೆ. ಚಿಕ್ಕ ಕೈಯವರು ಲಿವರಿನ ಬುಡದಲ್ಲಿರುವ ಸಣ್ಣ ತಿರುಪು ತಿರುಗಿಸಿ ಅದನ್ನು ಹತ್ತಿರ ತರಬಹುದು. ಹತ್ತಿರ ತಂದ ಮೇಲೆ ಪೂರ್ತಿ ಒತ್ತಿದಾಗ ಗ್ರಿಪ್ಪಿಗೆ ತಾಗುವುದಿಲ್ಲವೇ ನೋಡಿ. ಲಿವರಿನ ಪಟ್ಟಿಯನ್ನು ಗಟ್ಟಿಯಾಗಿ ತಳ್ಳಿದರೆ ತಿರುಗುವಷ್ಟೇ ಬಿಗಿದಿರುತ್ತೇನೆ. ಸೈಕಲ್ ಬಿದ್ದಾಗ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ.

ಗ್ರಿಪ್ ಹಾಕಿದ ಮೇಲೆ ತುದಿಗೆ ಮುಚ್ಚಳ ಕಡ್ಡಾಯ. ತೆರೆದ ಕೊಳವೆಯ ತುದಿ ಬಿದ್ದಾಗ ಹೊಟ್ಟೆಗೆ, ತೊಡೆಗೆ ಆಳವಾಗಿ ಇಳಿಯುತ್ತದೆ. ಮಕ್ಕಳ ಸೈಕಲ್‌ನಲ್ಲಿ ಹರಿದ ಗ್ರಿಪ್ ಕಂಡರೆ ಅಂದೇ ಬದಲಿಸಬೇಕು.

ಅಗಲ ಹೆಚ್ಚೆನಿಸಿದರೆ ಕತ್ತರಿಸಬಹುದು, ಆದರೆ ಕೂಡಲೇ ಅಲ್ಲ. ಮೊದಲು ಲಿವರ್, ಗ್ರಿಪ್ ಎಲ್ಲವನ್ನೂ ಒಳಗೆ ಸರಿಸಿ ಕೆಲವು ದಿನ ಓಡಿಸಿ. ಭುಜದ ನಡುವಿನ ನೋವು ಕಡಿಮೆಯಾದರೆ ಮಾತ್ರ ಗರಗಸ. ಪ್ರತಿ ಕಡೆ 5 ಮಿ.ಮೀ.ನಂತೆ ಕತ್ತರಿಸಿ. ಲೋಹಕ್ಕೆ ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್, ಗೆರೆ ನೇರ ಬರಲು ಒಂದು ಹಳೆಯ ಪಟ್ಟಿಯನ್ನು ಬಿಗಿದುಕೊಂಡು ಅದರ ಅಂಚಿನಲ್ಲಿ. ಒಳಗೂ ಹೊರಗೂ ಅರ ಹಾಕಿ. ಕಾರ್ಬನ್ ಆದರೆ ಟೇಪು ಸುತ್ತಿ, ನೀರು ಹನಿಸುತ್ತ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕತ್ತರಿಸಬೇಕು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಿಂಬಾಗಿನದನ್ನು ಕತ್ತರಿಸಿದರೆ ಅಗಲದ ಜೊತೆ ಹಿಡಿಯುವ ಜಾಗವೂ ಮುಂದಕ್ಕೆ ಹೋಗುತ್ತದೆ ಎನ್ನುವುದು ನೆನಪಿರಲಿ.

ನೇರ ಹ್ಯಾಂಡಲ್ ತೆಗೆದು ಡ್ರಾಪ್ ಹಾಕುವ ಆಸೆ ಬಹಳ ಜನರಿಗಿದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸೈಕಲ್‌ಗಳಿಗೆ ಅದು ಬೇಡ. ಡ್ರಾಪ್ ಹ್ಯಾಂಡಲ್ ಸ್ಟೆಮ್ಮಿನಿಂದ ಮತ್ತೆ 70ರಿಂದ 85 ಮಿ.ಮೀ. ಮುಂದೆ ಚಾಚುತ್ತದೆ, ಲಿವರಿನ ತಲೆ ಅದಕ್ಕಿಂತಲೂ ಮುಂದೆ. ನೇರ ಹ್ಯಾಂಡಲ್‌ಗೆಂದು ಉದ್ದ ಮಾಡಿದ ಫ್ರೇಮಿನಲ್ಲಿ ಸವಾರ ಮಲಗಿದಂತಾಗುತ್ತಾನೆ. ಅದು ಸಾಲದೆಂಬಂತೆ ಸಾಮಾನ್ಯ ಡ್ರಾಪ್ ಲಿವರ್ ಎಳೆಯುವ ಕೇಬಲ್ ಉದ್ದ ವಿ-ಬ್ರೇಕಿಗೆ ಸಾಲುವುದಿಲ್ಲ. ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಬ್ರೇಕ್ ಸರಿಯಾಗಿ ಹಿಡಿಯದು. ಅದಕ್ಕೆ ವಿ-ಬ್ರೇಕಿಗೆಂದೇ ಮಾಡಿದ ಡ್ರಾಪ್ ಲಿವರ್ ಅಥವಾ ತೋಳು ಚಿಕ್ಕದಾದ ಮಿನಿ ವಿ-ಬ್ರೇಕ್ ಬೇಕು. ಶಿಮಾನೊದಲ್ಲಿ ಒಂಬತ್ತು ಹಲ್ಲುಚಕ್ರದವರೆಗೆ ಬೆಟ್ಟದ ಸೈಕಲ್‌ನ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ರಸ್ತೆ ಸೈಕಲ್‌ನ ಶಿಫ್ಟರಿನೊಂದಿಗೆ ಹೊಂದುತ್ತದೆ. ಹತ್ತರಿಂದ ಎಳೆತದ ಲೆಕ್ಕ ಬೇರೆಯಾಯಿತು. ಮುಂದಿನ ಡಿರೇಲರ್ ಹಳೆಯದರಲ್ಲೂ ಹೊಂದುವುದಿಲ್ಲ. ಇಷ್ಟೆಲ್ಲ ಸೇರಿದರೆ ಇನ್ನೊಂದು ಸೈಕಲ್ಲೇ ಆಯಿತು. ಈಗಾಗಲೇ ಡ್ರಾಪ್ ಇರುವ ಸೈಕಲ್‌ನಲ್ಲಿ ಅಗಲ ಬದಲಿಸುವುದಾದರೆ ಸಂತೋಷವಾಗಿ ಮಾಡಿ. ಭುಜದ ಎರಡು ಮೂಳೆಗಳ ನಡುವಿನ ದೂರಕ್ಕೆ ಹತ್ತಿರವಾದದ್ದು ಆರಿಸಿ. ತಯಾರಕರು ಅಗಲವನ್ನು ಕೊಳವೆಯ ನಡುವಿನಿಂದ ನಡುವಿಗೆ ಹೇಳುತ್ತಾರೋ ಹೊರ ಅಂಚಿನಿಂದ ಅಂಚಿಗೋ ಕೇಳಿಕೊಳ್ಳಿ. ಎರಡರ ನಡುವೆ ಎರಡೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ. ಟೇಪನ್ನು ಕೆಳತುದಿಯಿಂದ ಮೇಲಕ್ಕೆ ಸುತ್ತಿ. ಹಿಂದಿನಿಂದ ನೋಡಿದಾಗ ಬಲಗಡೆ ಗಡಿಯಾರದ ಮುಳ್ಳಿನ ದಿಕ್ಕು, ಎಡಗಡೆ ಅದರ ವಿರುದ್ಧ. ಆಗ ಕೈಯ ತಿರುಚು ಟೇಪನ್ನು ಬಿಗಿಸುತ್ತದೆ, ಬಿಚ್ಚುವುದಿಲ್ಲ.

ಎಲ್ಲ ಬಿಗಿದ ಮೇಲೆ ಮನೆ ಬಿಡುವ ಮೊದಲಿನ ಪರೀಕ್ಷೆ: ಮುಂದಿನ ಚಕ್ರವನ್ನು ಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ, ಸ್ಟೆಮ್ ತಿರುಗಬಾರದು. ಎರಡೂ ಗ್ರಿಪ್ಪಿನ ಮೇಲೆ ಮೈಭಾರ ಹಾಕಿ ಕೆಳಕ್ಕೆ ಒತ್ತಿ, ಹ್ಯಾಂಡಲ್ ತಿರುಗಬಾರದು. ಎರಡೂ ಬ್ರೇಕ್ ಹಿಡಿದು ಸೈಕಲನ್ನು ಜೋರಾಗಿ ತಳ್ಳಿ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸುತ್ತ ಹ್ಯಾಂಡಲನ್ನು ಕೊನೆಯಿಂದ ಕೊನೆಗೆ ತಿರುಗಿಸಿ, ಗೇರ್ ಕದಲಬಾರದು, ಬ್ರೇಕ್ ತಾಗಬಾರದು. ಕೊನೆಗೆ ಮೆಲ್ಲಗೆ ಓಡಿಸಿ ಚಿಕ್ಕ ವೃತ್ತದಲ್ಲಿ ಎರಡೂ ಕಡೆ ತಿರುಗಿ, ಮಂಡಿಗೆ ತಾಗುತ್ತಿಲ್ಲವೇ ನೋಡಿ.

ಮೊದಲ ವಾರ 4 ಮತ್ತು 5 ಮಿ.ಮೀ. ಅಲೆನ್ ಕೀ ಜೊತೆಗಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹ್ಯಾಂಡಲ್ ಕೋನ, ಲಿವರ್ ಕೋನ, ಎತ್ತರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು ಎಂದು ತಿಳಿಯುವುದಿಲ್ಲ. ಕೈ ಮುಂದಕ್ಕೆ ಜಾರುತ್ತಿದೆ ಅನ್ನಿಸಿದರೆ ಹ್ಯಾಂಡಲ್ ಮುಟ್ಟುವ ಮೊದಲು ಸೀಟಿನ ಮೂತಿ ಕೆಳಗಾಗಿದೆಯೇ ನೋಡಿ. ಎಷ್ಟೋ ಸಲ ಅಂಗೈ ನೋವಿನ ಮೂಲ ಅಲ್ಲಿರುತ್ತದೆ. ಕುತ್ತಿಗೆ ನೋವಾದರೆ ಹ್ಯಾಂಡಲ್ ಕೆಳಗಿದೆ ಅಥವಾ ದೂರವಿದೆ. ಸ್ಟೆಮ್ಮಿನ ಅಡಿಯ ಸ್ಪೇಸರ್ ಮೇಲೆ ಕೆಳಗೆ ಮಾಡಿ, ಇಲ್ಲವೇ ಸ್ಟೆಮ್ಮನ್ನೇ ತಲೆಕೆಳಗಾಗಿ ತಿರುಗಿಸಿ ಹಾಕಿ.

ಕೆಲವು ಸವಾರಿಗಳ ನಂತರ ಎಲ್ಲ ಬೋಲ್ಟ್‌ಗಳಿಗೆ ಮತ್ತೊಮ್ಮೆ ವ್ರೆಂಚ್ ಹಾಕಿ. ಎದ್ದು ತುಳಿಯುವಾಗ ಕಿರ್ ಎಂದರೆ ಮುಚ್ಚಳ ಬಿಚ್ಚಿ, ಒರೆಸಿ, ಮತ್ತೆ ಅದೇ ಬಿಗಿತಕ್ಕೆ ಕೂರಿಸಿ. ಸದ್ದು ನಿಲ್ಲಿಸಲು ಇನ್ನಷ್ಟು ಬಿಗಿಯುವುದು ತಪ್ಪು. ಒರೆಸುವಾಗ ಸ್ಟೆಮ್ಮಿನ ಅಂಚು ತಾಗುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಹೆಚ್ಚು ಬಾಗುವಿಕೆ ತಾಳುವ ಜಾಗ ಅದೇ, ಕೂದಲೆಳೆಯಂಥ ಬಿರುಕು ಮೊದಲು ಕಾಣುವುದೂ ಅಲ್ಲೇ. ಅಂಥ ಗೆರೆ ಕಂಡ ಹ್ಯಾಂಡಲ್, ಮತ್ತು ಬಿದ್ದು ಬಾಗಿದ ಅಲ್ಯೂಮಿನಿಯಂ ಹ್ಯಾಂಡಲ್, ಎರಡನ್ನೂ ಗರಗಸದಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕಿ. ಇಡಿಯಾಗಿ ಬಿಸಾಡಿದರೆ ಯಾರೋ ಎತ್ತಿಕೊಂಡು ಹೋಗಿ ತಟ್ಟಿ ನೇರ ಮಾಡಿ ಹಾಕಿಕೊಳ್ಳುತ್ತಾರೆ.